ಅಲೆಗಳು ಕವಳ ಹಾಕಲು ಕೂತ ದಿನ

ಲೋಕ ಆಗಷ್ಟೇ ಹುಟ್ಟಿ ಮೈ ಒರೆಸಿಕೊಳ್ಳುತ್ತಿದ್ದ ಕಾಲ. ಗುಡ್ಡಗಳು ತಮ್ಮ ಜಾಗದಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಒಂದಿಷ್ಟು ಅತ್ತ ಒಂದಿಷ್ಟು ಇತ್ತ ಸರಿಯುತ್ತಿದ್ದವು. ಹೊಳೆಗಳು ಕಡಲಿಗೆ ದಾರಿ ಯಾವುದು ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದವು. ಏಡಿ ಕೂಡ ಆಗ ನೇರ ನಡೆಯಬೇಕೋ ಅಡ್ಡ ನಡೆಯಬೇಕೋ ಅಂತ ತೀರ್ಮಾನ ಮಾಡಿರಲಿಲ್ಲ.

ವೀಳ್ಯದೆಲೆಯ ಬಳ್ಳಿ ಮಾತ್ರ ಆಗಲೇ ಇತ್ತು. ಹೇಗೆ ಇತ್ತು ಅಂತ ನನ್ನನ್ನು ಕೇಳಬೇಡಿ. ಎಲೆ ಅಡಿಕೆ ಇಲ್ಲದ ಲೋಕ ಕೊಟ್ಟಿದ್ದರೆ ನಮ್ಮ ಕಡಲತಡಿಯ ಹೆಂಗಸರು ಮೊದಲ ದಿನವೇ ದೇವರನ್ನು ಬೈದು, ಲೋಕವನ್ನು ವಾಪಸು ಕಳಿಸಿಬಿಡುತ್ತಿದ್ದರು.

ಆ ಕಾಲದಲ್ಲಿ ಕಡಲಿಗೆ ಬಿಡುವು ಅನ್ನುವುದೇ ಇರಲಿಲ್ಲ. ಅಲೆ ಬರುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು. ಒಂದರ ಹಿಂದೊಂದು, ಒಂದರ ಹಿಂದೊಂದು. ಎಲ್ಲದರದ್ದೂ ಒಂದೇ ಎತ್ತರ, ಎಲ್ಲದಕ್ಕೂ ಒಂದೇ ಅವಸರ. ನಡುವೆ ಉಗುಳು ನುಂಗುವಷ್ಟು ಹೊತ್ತೂ ಖಾಲಿ ಇಲ್ಲ.

ಉದ್ದ ಮರಳಿನ ದಂಡೆಗಳಿಗೆ ಇದರಿಂದ ಏನೂ ಕಷ್ಟ ಇರಲಿಲ್ಲ. ಅಲ್ಲಿ ಅಲೆಗೆ ಕೈಕಾಲು ಚಾಚಲು ಜಾಗ ಇತ್ತು. ಅದು ದೂರದಿಂದ ಓಡಿ ಬಂದು, ಸುಸ್ತಾಗಿ, ಮರಳಿನ ಮೇಲೆ ತೆಳ್ಳಗೆ ಹರಡಿ ಹಿಂದೆ ಹೋಗುತ್ತಿತ್ತು. ಕಷ್ಟ ಇದ್ದದ್ದು ಸಣ್ಣ ಕಲ್ಲುದಂಡೆಗಳಿಗೆ.

ಅಂಥದ್ದೊಂದು ದಂಡೆ. ಬಡಗು ದಿಕ್ಕಿಗೊಂದು ಗುಡ್ಡ, ತೆಂಕು ದಿಕ್ಕಿಗೊಂದು ಗುಡ್ಡ, ಎರಡೂ ಕಡಲಿಗೆ ಮೂಗು ಚಾಚಿ ಕೂತಿದ್ದವು. ನಡುವೆ ಒಂದು ಮೊರದಷ್ಟು ಮರಳು. ಮರಳಿನ ಮುಂದೆ ಕಪ್ಪು ಬಂಡೆಗಳು, ಬಂಡೆಗಳ ಸಂದಿಯಲ್ಲೆಲ್ಲ ಗುಂಡುಕಲ್ಲುಗಳು. ಅಲೆಗಳು ಬಡಗಣ ಗುಡ್ಡದ ಮೂಗು ಬಳಸಿ ಒಂದು ಕಡೆಯಿಂದ, ತೆಂಕಣ ಗುಡ್ಡದ ಮೂಗು ಬಳಸಿ ಇನ್ನೊಂದು ಕಡೆಯಿಂದ ಬಾಗಿ ಒಳಗೆ ನುಗ್ಗುತ್ತಿದ್ದವು. ಇಕ್ಕಟ್ಟಿನಲ್ಲಿ ಒಂದಕ್ಕೊಂದು ಹಾಯ್ದು ಆಳೆತ್ತರ ಹಾರುತ್ತಿದ್ದವು. ಅಲ್ಲಿ ನಿಂತು ಮಾತಾಡಿದರೆ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಅದಕ್ಕೇ ಆ ಕಡೆಯವರಿಗೆ ಗಂಟಲು ದೊಡ್ಡದು.

ಆ ಗಂಟಲುಗಳಲ್ಲೆಲ್ಲ ದೊಡ್ಡ ಗಂಟಲು ಜಟ್ಟಮ್ಮನದು.

ಜಟ್ಟಮ್ಮ ದಂಡೆಯ ಮೇಲಿನ ಗುಡಿಸಲಿನ ಯಜಮಾನಿ. ಒಣಮೀನಿನ ಹಾಗೆ ತೆಳ್ಳಗೆ. ಸೊಂಟದಲ್ಲಿ ಯಾವಾಗಲೂ ಬಟ್ಟೆಯ ಸಂಚಿ, ಸಂಚಿಯಲ್ಲಿ ಎಲೆ, ಅಡಿಕೆ, ಪುಟ್ಟ ಚಿಪ್ಪಿಯಲ್ಲಿ ಸುಣ್ಣ. ಎಲೆ ಅಡಿಕೆಗೆ ಆ ಕಡೆ ಕವಳ ಅನ್ನುತ್ತಾರೆ. ಜಟ್ಟಮ್ಮನ ಬಾಯಲ್ಲಿ ಒಂದೋ ಕವಳ ಇರುತ್ತಿತ್ತು, ಇಲ್ಲವೇ ಬೈಗುಳ ಇರುತ್ತಿತ್ತು.

ಬೈಗುಳ ತಿನ್ನುವವಳು ಸೊಸೆ ಹೊಸಬಿ. ಒಲೆ ಹಚ್ಚಿದರೆ, "ಹೊಗೆ ಎಷ್ಟೇ!" ಹಚ್ಚಲು ತಡವಾದರೆ, "ಮೈಗಳ್ಳಿ!" ಗಂಜಿ ತೆಳ್ಳಗಾದರೆ ಒಂದು, ದಪ್ಪಗಾದರೆ ಎರಡು. ಹೊಸಬಿಯೂ ಕಡಿಮೆಯವಳಲ್ಲ. ಎದುರು ಮಾತಾಡುತ್ತಿರಲಿಲ್ಲ, ಆದರೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ತನ್ನ ಕಾಲ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದಳು.

ಮಳೆಗಾಲ ಆಗತಾನೇ ಮುಗಿದಿತ್ತು. ದೋಣಿಗಳು ಇನ್ನೂ ನೀರಿಗೆ ಇಳಿದಿರಲಿಲ್ಲ. ಹೊಸಬಿಯ ಗಂಡ ದೋಣಿಗೆ ಹಲಗೆ ತರಲು ಹೊಳೆಯಾಚೆ ಹೋಗಿದ್ದ. ಮನೆಯಲ್ಲಿ ಅಕ್ಕಿ ಇತ್ತು, ಸಾರಿಗೆ ಏನೂ ಇರಲಿಲ್ಲ. ಹಾಗಾಗಿ ನೀರು ಇಳಿದ ಹೊತ್ತು ನೋಡಿ ಅತ್ತೆ ಸೊಸೆ ಇಬ್ಬರೂ ಬುಟ್ಟಿ, ಕತ್ತಿ ಹಿಡಿದು ಚಿಪ್ಪಿ ಕೀಳಲು ಬಂಡೆಗಳಿಗೆ ಇಳಿದರು.

ಬಿಡುವಿಲ್ಲದ ಅಲೆಗಳ ನಡುವೆ ಚಿಪ್ಪಿ ಕೀಳುವುದು ಅಂದರೆ ಸುಮ್ಮನೆ ಅಲ್ಲ. ನೀರು ಪೂರ್ತಿ ಇಳಿದಾಗ ಬಂಡೆಗಳ ನೆತ್ತಿ ಮಾತ್ರ ಹೊರಗೆ ಬರುತ್ತಿತ್ತು. ನೀರು ಮತ್ತೆ ಏರುವ ಮೊದಲು ಮೇಲೆ ಬಂದುಬಿಡಬೇಕು. ತಡವಾದರೆ ಮುಗಿಯಿತು.

"ಅತ್ತೇ, ಹೊರಗಿನ ಬಂಡೆಗೆ ಹೋಗ್ಬೇಡಿ. ನೀರು ತಿರುಗುವ ಹೊತ್ತಾಯ್ತು," ಅಂದಳು ಹೊಸಬಿ.

"ನೀ ಹುಟ್ಟುವ ಮೊದಲೇ ನಂಗೆ ಈ ಬಂಡೆಗಳ ಗುರ್ತು ಉಂಟು. ನಿನ್ನ ಬುಟ್ಟಿ ನೋಡ್ಕೋ. ಅಂಗೈಯಷ್ಟಗಲದ ಚಿಪ್ಪಿ ಬಿಟ್ಟು ಉಗುರಿನಷ್ಟರದ್ದು ಕಿತ್ತಿದ್ದೀಯಲ್ಲೇ, ಅದನ್ನ ಏನು ಬೆಕ್ಕಿಗೆ ಹಾಕೂದಾ?"

ಹೀಗೆ ಬೈಯುತ್ತಲೇ ಜಟ್ಟಮ್ಮ ಹೊರಗಿನ ಬಂಡೆ ಹತ್ತಿದಳು. ಹೊಸಬಿ ಒಳಗಿನ ಬಂಡೆಯಲ್ಲೇ ಕೂತು ಕತ್ತಿ ಆಡಿಸಿದಳು. ಬೈಗುಳ ಗಾಳಿಯಲ್ಲಿ ತುಂಡುತುಂಡಾಗಿ ಬರುತ್ತಿತ್ತು. ಹೊಸಬಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಏನೋ ಕಡಿಮೆಯಾದ ಹಾಗೆ ಅನಿಸಿತು. ಅಲೆ ಮೊರೆಯುತ್ತಿತ್ತು, ಹಕ್ಕಿ ಕೂಗುತ್ತಿತ್ತು. ಏನು ಕಡಿಮೆ? ಬೈಗುಳ ನಿಂತಿತ್ತು.

ಹೊಸಬಿ ತಲೆಯೆತ್ತಿದಳು.

ಹಂಡೆಯಷ್ಟು ದೊಡ್ಡ ಗುಂಡುಕಲ್ಲೊಂದು ಉರುಳಿ ಬಂದು ಜಟ್ಟಮ್ಮನ ಕಾಲನ್ನು ಬಂಡೆಯ ಸಂದಿಗೆ ಒತ್ತಿ ಹಿಡಿದಿತ್ತು. ಅವಳು ಎರಡೂ ಕೈಯಲ್ಲಿ ಕಲ್ಲು ನೂಕುತ್ತಿದ್ದಳು, ಬಾಯಿ ತೆರೆದು ಕೂಗುತ್ತಿದ್ದಳು. ಅಲೆಯ ಸದ್ದಿನಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ನೀರು ಆಗಲೇ ಅವಳ ಮೊಣಕಾಲಿಗೆ ಬಂದಿತ್ತು.

ಹೊಸಬಿ ಬುಟ್ಟಿ ಎಸೆದು ಹಾರಿದಳು. ಕಲ್ಲಿಗೆ ಹೆಗಲು ಕೊಟ್ಟಳು. ಅತ್ತೆ ಸೊಸೆ ಸೇರಿ ಒಂದು ಬೆರಳಿನಷ್ಟು ಸರಿಸಿದರೆ, ಬಂದ ಅಲೆ ಎರಡು ಬೆರಳು ಒಳಗೆ ನೂಕುತ್ತಿತ್ತು. ಮತ್ತೆ ಸರಿಸಿದರು. ಮತ್ತೆ ಅಲೆ ನೂಕಿತು. ಒಂದರ ಹಿಂದೊಂದು, ಒಂದರ ಹಿಂದೊಂದು. ಕಲ್ಲು ಎತ್ತಲು ಒಂದೇ ಒಂದು ಕ್ಷಣ ಅಲೆ ನಿಲ್ಲಬೇಕಿತ್ತು. ಅಲೆ ನಿಲ್ಲುವುದು ಅಂದರೆ ಏನು ಅಂತ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಗಾಳೀ!" ಹೊಸಬಿ ಕೂಗಿದಳು. "ನಿನ್ನ ಕಾಲಿಗೆ ಬೀಳ್ತೇನೆ, ಈ ಅಲೆ ನೂಕುವುದು ನಿಲ್ಸು!"

ಗಾಳಿ ಅವಳ ಕೂದಲು ಸರಿಸಿ ಹೇಳಿತು, "ನಾನು ಎಲ್ಲಿ ನೂಕ್ತಾ ಇದ್ದೇನೆ ತಂಗೀ? ಇವುಗಳನ್ನ ನೂಕಿದ್ದು ಎಂದೋ, ನೀನು ಹೆಸರೂ ಕೇಳದ ದೂರದಲ್ಲಿ. ಒಂದು ಸಲ ಹೊರಟ ಮೇಲೆ ಇವು ನನ್ನ ಮಾತು ಕೇಳುವುದಿಲ್ಲ."

ನೀರು ಜಟ್ಟಮ್ಮನ ಸೊಂಟಕ್ಕೆ ಬಂತು.

"ನೀ ಹೋಗೇ," ಅಂದಳು ಜಟ್ಟಮ್ಮ ಸೊಸೆಯ ಕಿವಿಗೆ ಬಾಯಿಟ್ಟು. "ಮೇಲೆ ಹೋಗು. ಇಬ್ರೂ ಸತ್ರೆ ನನ್ನ ಮಗನಿಗೆ ಗಂಜಿ ಬೇಯಿಸುವವರು ಯಾರು? ಹೋಗು ಅಂದೆ!"

ಹೊಸಬಿ ಗುಡ್ಡಗಳನ್ನು ಕೇಳೋಣ ಅಂತ ಎತ್ತರದ ಬಂಡೆಗೆ ಹತ್ತಿದಳು. ಹತ್ತಿ ನಿಂತು ಕೆಳಗೆ ನೋಡಿದಳು. ಅಲ್ಲಿಂದ ಅತ್ತೆ ಬಹಳ ಸಣ್ಣಗೆ ಕಾಣುತ್ತಿದ್ದಳು. ಆ ಹೊತ್ತಿನಲ್ಲಿ, ಸುಳ್ಳು ಯಾಕೆ ಹೇಳಲಿ, ಹೊಸಬಿಯ ಮನಸ್ಸಿಗೆ ಒಂದು ಮಾತು ಬಂತು. ನಾನು ಇಲ್ಲೇ ನಿಂತುಬಿಟ್ಟರೆ? ನಾಳೆಯಿಂದ ಬೈಗುಳ ಇಲ್ಲ.

ಬಂದ ಮಾತಿಗೆ ಅವಳೇ ಹೆದರಿದಳು. ನಾಳೆ ಬೆಳಿಗ್ಗೆ ಒಲೆ ಹೊಗೆಯಾಡಿದಾಗ ಯಾರೂ ಏನೂ ಅನ್ನದ ಮನೆ ಅವಳ ಕಣ್ಣಿಗೆ ಕಟ್ಟಿತು. ಆ ಮನೆ ಅವಳಿಗೆ ಬೇಕಿರಲಿಲ್ಲ.

"ಬಡಗಣ ಗುಡ್ಡವೇ, ತೆಂಕಣ ಗುಡ್ಡವೇ! ಅಲೆಗಳಿಗೆ ಅಡ್ಡ ನಿಲ್ಲಿ! ಒಂದು ಕ್ಷಣ ನಿಲ್ಲಿ!"

"ಅಡ್ಡವೇ ನಿಂತಿದ್ದೇವೆ ಮಗಳೇ," ಅಂದಿತು ಬಡಗಣ ಗುಡ್ಡ.

"ನಿಂತಷ್ಟೂ ನಮ್ಮನ್ನು ಬಳಸಿ ಒಳಗೆ ಬರ್ತಾವೆ," ಅಂದಿತು ತೆಂಕಣ ಗುಡ್ಡ. "ನಮ್ಮ ಮೂಗೇ ಸವೆದು ಹೋಯ್ತು."

ನೀರು ಜಟ್ಟಮ್ಮನ ಎದೆಗೆ ಬಂತು.

ಹೊಸಬಿ ಮತ್ತೆ ಕೆಳಗೆ ಓಡಿದಳು. ಜಾರಿ ಬಿದ್ದಳು, ಚಿಪ್ಪಿಯ ಅಂಚಿಗೆ ಅಂಗೈ ಸೀಳಿತು, ಎದ್ದಳು. ಅತ್ತೆಯ ಎದುರು ನಿಂತು ಕಡಲಿಗೆ ಮುಖ ಮಾಡಿದಳು. ಎದುರಿಂದ ಬರುತ್ತಿದ್ದ ಅಲೆಗೇ ಕೂಗಿದಳು.

"ನಿಲ್ಲೋ! ನಿಂಗೆ ಕಣ್ಣಿಲ್ವಾ? ಮುದುಕಿ ಸಾಯ್ತಾ ಇದ್ದಾಳೆ, ನಿಲ್ಲು!"

ಅಲೆ ಅವಳ ಎದೆಗೆ ಬಡಿದು ಹೇಳಿತು, "ಹೇಗೆ ನಿಲ್ಲಲಿ? ಹಿಂದಿನವನು ನೂಕ್ತಾನೆ."

ಹಿಂದಿನ ಅಲೆ ಬಂದು ಬಡಿದು ಹೇಳಿತು, "ನನ್ನ ಹಿಂದಿನವನೂ ನೂಕ್ತಾನೆ."

ಅದರ ಹಿಂದಿನದು ಬಂತು. ಅದರ ದನಿ ಒಡೆದಿತ್ತು. "ಲೋಕ ಹುಟ್ಟಿದ ದಿನ ನಡೆಯೋಕೆ ಶುರು ಮಾಡಿದ್ದು. ಎಷ್ಟು ದಡಕ್ಕೆ ಹೋದೆವು! ಹೋದಲ್ಲೆಲ್ಲ ಹೋಗು ಅಂತಾರೆ, ನಿಲ್ಲು ಅಂತಾರೆ, ಬೈತಾರೆ. ಕಾಲು ಸೋತು ಹೋಯ್ತು ತಂಗೀ."

ಈಗ ನಡೆದದ್ದು ಕೇಳಿ. ಹೊಸಬಿ ಇದನ್ನು ಯೋಚನೆ ಮಾಡಿ ಹೇಳಲಿಲ್ಲ. ಆ ದಂಡೆಯಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸಾದರೂ, ದಣಿದು ಬಂದವರು ಅಂಗಳದಲ್ಲಿ ನಿಂತು "ಕಾಲು ಸೋತು ಹೋಯ್ತು" ಅಂದರೆ ಒಂದೇ ಮಾತು ಹೇಳುತ್ತಾಳೆ. ಮನೆಗೆ ಬೆಂಕಿ ಬಿದ್ದಿದ್ದರೂ ಅದನ್ನೇ ಹೇಳುತ್ತಾಳೆ. ಹೊಸಬಿಯ ಬಾಯಿಂದಲೂ ಅದೇ ಬಂತು.

"ಅಯ್ಯೋ ಪಾಪ. ಬನ್ನಿ, ಕೂತ್ಕೊಳ್ಳಿ. ಒಂದು ಕವಳ ಹಾಕಿ."

ಅಲೆ ಅರ್ಧ ಎದ್ದದ್ದು ಹಾಗೇ ತಡೆಯಿತು. "ಏನಂದೆ?"

"ಕವಳ," ಅಂದಳು ಹೊಸಬಿ. ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ತಿಳಿಯಿತು.

"ನಮಗೆ ಇವತ್ತಿನ ತನಕ ಕೂತ್ಕೊಳ್ಳಿ ಅಂತ ಯಾರೂ ಹೇಳಿಲ್ಲ," ಅಂದಿತು ಅಲೆ. "ಕೊಡು ನೋಡೋಣ. ಬೇಗ ಕೊಡು, ಹಿಂದಿನವನು ಬರ್ತಾ ಇದ್ದಾನೆ."

ಜಟ್ಟಮ್ಮ ಸಂಚಿ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಪ್ರಾಣ ಹೋದರೂ ಸಂಚಿ ನೆನೆಯಬಾರದು ನೋಡಿ. ಹೊಸಬಿ ಕೈ ಹಾಕಿದಳು. ಇದ್ದದ್ದು ಎರಡೇ ಎಲೆ. ಅವಸರದಲ್ಲಿ ಒಂದು ಎಲೆಗೆ ಅಡಿಕೆ ಇಟ್ಟು ಮಡಚಿ ಅಲೆಯ ಬಾಯಿಗೆ ಹಾಕಿದಳು.

ಅಲೆ ಒಂದು ಸಲ ಜಗಿಯಿತು. ಎರಡು ಸಲ ಜಗಿಯಿತು.

"ಥೂ! ಏನಿದು, ಹುಲ್ಲಾ? ಕರೆದು ಕೂರಿಸಿ ದನಕ್ಕೆ ಹಾಕಿದ ಹಾಗೆ ಹಾಕ್ತೀಯಾ?" ಉಗಿದ ಅಲೆ ಸಿಟ್ಟಿನಲ್ಲಿ ಎದ್ದು ಬಡಿದ ರಭಸಕ್ಕೆ ಹೊಸಬಿ ಬಂಡೆಗೆ ಬಿದ್ದಳು. ಸಂಚಿಯ ಬಾಯಿಂದ ಪುಟ್ಟ ಚಿಪ್ಪಿಯೊಂದು ಹಾರಿ ನೀರಲ್ಲಿ ಮುಳುಗಿತು.

"ಸುಣ್ಣ!" ಜಟ್ಟಮ್ಮ ಕಿರುಚಿದಳು. ನೀರು ಹೆಗಲಿಗೆ ಬಂದಿತ್ತು, ಸಾಯುವ ಹೊತ್ತು, ಆದರೂ ಅವಳಿಗೆ ತಡೆಯಲಾಗಲಿಲ್ಲ. "ಸುಣ್ಣ ಹಚ್ಚದೆ ಕವಳ ಕೊಟ್ಟೆಯಲ್ಲೇ! ಮನೆ ಮರ್ಯಾದೆ ತೆಗೆದೆಯಲ್ಲೇ, ಹಾಳಾದವಳೇ! ಯಾರು ನುಂಗ್ತಾರೆ ಅದನ್ನ?"

"ಅವಸರದಲ್ಲಿ ಮರೆತೆ ಅತ್ತೇ! ಈಗ ಸುಣ್ಣವೇ ಮುಳುಗಿ ಹೋಯ್ತು!" ಹೊಸಬಿಗೆ ಅಳು ಬಂತು. "ಎಲ್ಲಿಂದ ತರ್ಲಿ?"

ಜಟ್ಟಮ್ಮ ಒಂದು ಗುಟುಕು ಉಪ್ಪುನೀರು ಕುಡಿದು ಉಗುಳಿದಳು.

"ಮೇಲಿನ ಬಂಡೆ. ಬುಟ್ಟಿ ಇಳಿಸಿದ ಜಾಗ. ಬೆಳಿಗ್ಗೆ ಕವಳ ಹಾಕುವಾಗ ಬೆರಳಲ್ಲಿ ಮಿಕ್ಕ ಸುಣ್ಣ ಅಲ್ಲೇ ಒರೆಸಿದ್ದೇನೆ. ಓಡು!"

ಆಹಾ, ಈ ಒರೆಸುವ ಚಾಳಿಗಾಗಿ ಹೊಸಬಿ ಎಷ್ಟು ಸಲ ಹಲ್ಲು ಕಚ್ಚಿದ್ದಳೋ! ಬಾಗಿಲ ಚೌಕಟ್ಟಿಗೆ ಒರೆಸುವುದು, ಕಂಬಕ್ಕೆ ಒರೆಸುವುದು. ದಿನಾ ತೊಳೆದು ತೊಳೆದು ಅವಳ ಉಗುರು ಸವೆದಿತ್ತು. ಈಗ ಅದೇ ಬಿಳಿ ಗೀಟು ಹುಡುಕಿಕೊಂಡು ಅವಳು ಬಂಡೆ ಹತ್ತಿದಳು. ಇಲ್ಲಿಲ್ಲ. ಅಲ್ಲಿಲ್ಲ. ಕಣ್ಣೀರಿಗೆ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಕೈ ಸವರುತ್ತ ಹೋದಾಗ ಒರಟಾಗಿ ಸಿಕ್ಕಿತು, ಬೆರಳಗಲದ ಒಣ ಸುಣ್ಣ.

ಉಗುರಲ್ಲಿ ಕೆರೆದಳು. ಸುಣ್ಣ ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಉಗುಳು ಹಾಕಿ ನೆನೆಸೋಣ ಅಂದುಕೊಂಡಳು, ಕೈ ತಡೆಯಿತು. ಕವಳಕ್ಕೆ ಕರೆದವರಿಗೆ ಎಂಜಲು ಕೊಡುವುದೇ? ಹಾರಿ ಬಂದ ಕಡಲ ಹನಿಯಲ್ಲೇ ನಾದಿದಳು. ಗಾಯದ ಅಂಗೈಗೆ ಉಪ್ಪು, ಸುಣ್ಣ ಎರಡೂ ಸೇರಿ ಬೆಂಕಿ ಇಟ್ಟ ಹಾಗೆ ಉರಿಯಿತು. ಬಿಡಲಿಲ್ಲ.

ನೀರು ಜಟ್ಟಮ್ಮನ ಗದ್ದಕ್ಕೆ ಬಂದಿತ್ತು.

ಕೊನೆಯ ಎಲೆ. ಬೆನ್ನಿಗೆ ಸುಣ್ಣ ಸವರಿದಳು, ಅಡಿಕೆ ಇಟ್ಟಳು, ಅಚ್ಚುಕಟ್ಟಾಗಿ ಮಡಚಿದಳು. ಈ ಸಲ ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ. ಕೂತ್ಕೊಂಡು ನಿಧಾನಕ್ಕೆ ಹಾಕಿ."

"ಮತ್ತೆ ಕೇಳು," ಗದ್ದ ಮೇಲೆತ್ತಿ ಜಟ್ಟಮ್ಮ ಅಲೆಗೆ ಕೂಗಿದಳು. "ಇದು ನಮ್ಮ ಮನೆ ಕಟ್ಟಳೆ. ನಮ್ಮ ಕವಳ ಬಾಯಲ್ಲಿ ಇದ್ದಷ್ಟು ಹೊತ್ತು ನಮ್ಮ ಜೊತೆ ಜಗಳ ಇಲ್ಲ. ಉಗಿದ ಮೇಲೆ ಬೇಕಾದ್ರೆ ಕೊಲ್ಲು!"

ಅಲೆ ಕವಳ ಬಾಯಿಗೆ ಹಾಕಿಕೊಂಡಿತು. ಒಂದು ಸಲ ಜಗಿಯಿತು. ಎರಡು ಸಲ. ಮೂರನೇ ಸಲಕ್ಕೆ ಅದರ ನೊರೆ ಕೆಂಪೇರಿತು. ಅಲೆಯ ಮುಖ ಸಡಿಲವಾಯಿತು. ಸೊಂಟ ಹಿಡಿದುಕೊಂಡು, ಮೆಲ್ಲಗೆ, ಲೋಕ ಹುಟ್ಟಿದ ಮೇಲೆ ಮೊದಲನೇ ಸಲ ಒಂದು ಅಲೆ ಕೂತಿತು.

ಹಿಂದಿನದು ಬಂದು ಡಿಕ್ಕಿ ಹೊಡೆಯಿತು. "ಯಾಕೆ ಕೂತೆ?"

"ಷ್! ಕವಳ."

"ನಂಗೊಂದು ಚೂರು ಕೊಡು."

ಅದೂ ಕೂತಿತು. ಅದರ ಹಿಂದಿನದೂ ಕೂತಿತು. ಗುಡ್ಡದ ಮೂಗಿನ ತನಕ ಅಲೆಗಳು ಸಾಲಾಗಿ ಕೂತವು. ಕಡಲು ತಟ್ಟೆಯ ಹಾಗೆ ಮಟ್ಟವಾಯಿತು.

ಎಂಥ ಮೌನ ಅಂತೀರಿ! ಹಕ್ಕಿಗಳು ಹೆದರಿ ಕೂಗು ನಿಲ್ಲಿಸಿದವು. ಹೊಸಬಿಗೆ ತನ್ನ ಉಸಿರು ತನಗೇ ಕೇಳಿಸಿತು. ನೀರು ಜಟ್ಟಮ್ಮನ ಗದ್ದದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ ಇಳಿಯಿತು.

"ನೋಡ್ತಾ ನಿಂತೆಯಾ? ನೂಕೇ!"

ಹೊಸಬಿ ನೂಕಿದಳು. ಕಲ್ಲು ಅಲುಗಲಿಲ್ಲ. ಅಷ್ಟು ಹೊತ್ತು ಅಲೆ ಒತ್ತಿದ್ದಕ್ಕೆ ಅದು ಸಂದಿಗೆ ಗಟ್ಟಿಯಾಗಿ ಕಚ್ಚಿತ್ತು. ಕವಳ ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ? ಜಟ್ಟಮ್ಮನ ಬಾಯಲ್ಲಾದರೆ ಅರ್ಧ ಹೊತ್ತು. ಹೊಸದಾಗಿ ಹಾಕಿದವರ ಬಾಯಲ್ಲಿ? ಯಾರಿಗೆ ಗೊತ್ತು!

ಅವಳು ಕಡಲಿಗೆ ಬೆನ್ನು ಹಾಕಿ ನೀರಲ್ಲೇ ಕೂತಳು. ಬೆನ್ನನ್ನು ಬಂಡೆಗೆ ಕೊಟ್ಟು, ಎರಡೂ ಪಾದ ಕಲ್ಲಿಗೆ ಒತ್ತಿ, ಹಲ್ಲು ಕಚ್ಚಿ ಒದ್ದಳು. ಕಲ್ಲು ಕಿರ್ ಅಂದಿತು. ಮತ್ತೆ ಒದ್ದಳು. ಕಲ್ಲು ಒಂದು ಮಗ್ಗುಲಾಯಿತು. ಜಟ್ಟಮ್ಮ ಕಾಲು ಎಳೆದುಕೊಂಡಳು. ಕಾಲು ಬಂತು, ಆದರೆ ಕಾಲಿನ ಹಾಗೆ ಬರಲಿಲ್ಲ. ಪಾದ ಒಂದು ಕಡೆಗೆ ತಿರುಗಿ ಜೋತಾಡುತ್ತಿತ್ತು.

ಹೊಸಬಿ ಅತ್ತೆಯನ್ನು ಬೆನ್ನಿಗೆ ಏರಿಸಿಕೊಂಡಳು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಪಾಚಿ ಜಾರುತ್ತಿತ್ತು, ಸೊಸೆಯ ಕಣ್ಣೆಲ್ಲ ಕಾಲಡಿಯಲ್ಲೇ ಇತ್ತು. ಜಟ್ಟಮ್ಮ ಮಾತ್ರ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದಳು.

ದೂರದಲ್ಲಿ ಅಲೆ ಕವಳ ಉಗಿಯಿತು.

ಕೂತವರೆಲ್ಲ ಒಟ್ಟಿಗೇ ಏಳತೊಡಗಿದರು. ಕೂತು ದಣಿವು ಆರಿಸಿಕೊಂಡಿದ್ದರಲ್ಲ, ಎಲ್ಲರ ಮೈಯಲ್ಲೂ ಹೊಸ ಕಸುವು. ದಂಡೆಯ ನೀರೆಲ್ಲ ಸರ್ರನೆ ಹಿಂದಕ್ಕೆ ಎಳೆದುಕೊಂಡು ಹೋಯಿತು. ಅದುವರೆಗೆ ಯಾರೂ ಕಂಡಿರದಷ್ಟು ಎತ್ತರದ ಅಲೆ ಗುಡ್ಡದ ಮೂಗಿನ ಹತ್ತಿರ ತಲೆ ಎತ್ತಿತು.

"ಎದ್ದವು ಕಣೇ!" ಜಟ್ಟಮ್ಮ ಸೊಸೆಯ ಕಿವಿಯಲ್ಲೇ ಅರಚಿದಳು. "ಹತ್ತೇ ಮೇಲೆ! ಹತ್ತು! ಕಾಲಿಗೆ ಏನು ಸೆಗಣಿ ಮೆತ್ತಿದೆಯಾ? ಹತ್ತೇ ಮೇಲೆ!"

ಹೊಸಬಿ ಹತ್ತಿದಳು. ಮೊಣಕಾಲು ಒಡೆದುಕೊಂಡು, ಉಗುರು ಕಿತ್ತುಕೊಂಡು ಹತ್ತಿದಳು. ಎತ್ತರದ ಬಂಡೆಯ ಮೇಲೆ ಇಬ್ಬರೂ ಕವುಚಿ ಬಿದ್ದರು. ಅಲೆ ಬಂದು ಅವರ ಹಿಮ್ಮಡಿಗೆ ಬಡಿಯಿತು. ಬುಟ್ಟಿ ಹೋಯಿತು, ಕತ್ತಿ ಹೋಯಿತು, ಸಂಚಿಯೂ ಹೋಯಿತು. ಇಬ್ಬರೂ ಉಳಿದರು.

ಹೊಸಬಿ ಅತ್ತೆಯನ್ನು ತಬ್ಬಿಕೊಂಡು ಗೋಳೋ ಅಂತ ಅತ್ತಳು.

"ಸಾಕು ಸುಮ್ನಿರು ಮಾರಾಯ್ತಿ," ಅಂದಳು ಜಟ್ಟಮ್ಮ. ಆದರೆ ಸೊಸೆಯ ತಲೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ.

ಅಲೆ ಕೆಳಗಿನಿಂದ ಮೆಲ್ಲಗೆ ಕೇಳಿತು. "ತಂಗೀ, ನಾಳೆಯೂ ಕೂತ್ಕೊಳ್ಳಬಹುದಾ?"

"ಕೂತ್ಕೊಳ್ಳಿ. ದಿನಾ ಕೂತ್ಕೊಳ್ಳಿ. ದಣಿದವರಿಗೆ ಬೇಡ ಅನ್ನೋಕೆ ನಾನ್ಯಾರು?" ಅಂದಳು ಹೊಸಬಿ. "ಆದ್ರೆ ಏಳುವ ಮೊದಲು ಒಂದು ಮಾತು ಹೇಳಿ ಏಳಿ."

"ಅದೊಂದು ನಮ್ಮ ಕೈಲಿಲ್ಲ," ಅಂದಿತು ಅಲೆ. "ಹಿಂದಿನವನು ಎದ್ರೆ ಎಲ್ಲರೂ ಏಳಬೇಕು."

ಅಂದಿನಿಂದ ಅಲೆಗಳು ಕೂರಲು ಕಲಿತವು. ಹೊಸಬಿ ಅಲೆಗಳು ಕೂತ ಹೊತ್ತು ನೋಡಿ ಕೆಳಗೆ ಇಳಿಯುತ್ತಿದ್ದಳು, ಬಗ್ಗಿ ಚಿಪ್ಪಿ ಕೀಳುತ್ತಿದ್ದಳು. ಜಟ್ಟಮ್ಮನ ಕಾಲು ಸರಿಹೋಗಲಿಲ್ಲ, ಅವಳು ಮತ್ತೆ ಬಂಡೆಗೆ ಇಳಿಯಲಿಲ್ಲ. ಎತ್ತರದ ಬಂಡೆಯ ಮೇಲೆ ಕಡಲಿಗೆ ಮುಖ ಮಾಡಿ ಕೂತು, ಬಾಯಲ್ಲಿ ಕವಳ ತುಂಬಿಕೊಂಡು, ಅಲೆಗಳನ್ನೇ ನೋಡುತ್ತಿದ್ದಳು. ಅವು ಎದ್ದ ಕೂಡಲೇ ಕೂಗುತ್ತಿದ್ದಳು. "ಹತ್ತೇ ಮೇಲೆ! ಎಷ್ಟು ಸಲ ಹೇಳೂ‌ದು? ಹತ್ತೇ!"

ವರ್ಷಗಟ್ಟಲೆ ಹೀಗೇ ನಡೆಯಿತು. ಹೊಸಬಿ ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟಳು. ನೋಡುವ ಅಗತ್ಯವೇ ಇರಲಿಲ್ಲ. ಅವಳ ಬೆನ್ನಿಗೆ ಆ ಗಂಟಲು ಇತ್ತು.

ಆಮೇಲೆ ಒಂದು ಚಳಿಗಾಲ ಜಟ್ಟಮ್ಮ ಮಲಗಿದವಳು ಏಳಲಿಲ್ಲ. ವಯಸ್ಸಾಗಿತ್ತು, ಹೋದಳು.

ಹನ್ನೊಂದು ದಿನ ಕಳೆದ ಮೇಲೆ ಹೊಸಬಿ ಒಬ್ಬಳೇ ದಂಡೆಗೆ ಬಂದಳು. ಅಲೆಗಳು ಕೂತಿದ್ದವು. ಅವಳು ಇಳಿದಳು, ಬಗ್ಗಿದಳು, ಕತ್ತಿ ಆಡಿಸಿದಳು. ಕೈಗೆ ರೂಢಿಯ ಕೆಲಸ, ಬೆನ್ನಿಗೂ ರೂಢಿ. ಕೂಗುವವರು ಇಲ್ಲ ಅನ್ನುವುದನ್ನು ಅವಳ ಬೆನ್ನು ಮರೆತಿತ್ತು.

ಅವಳ ಹಿಂದೆ ಅಲೆಗಳು ಸದ್ದಿಲ್ಲದೆ ಎದ್ದವು. ದಂಡೆಯ ನೀರು ಸರ್ರನೆ ಹಿಂದಕ್ಕೆ ಸರಿಯಿತು. ಹೊಸಬಿ ಬಗ್ಗಿಯೇ ಇದ್ದಳು.

ಆಗ ಅವಳ ಕಾಲಡಿಯ ಗುಂಡುಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳಿ, ಒಂದೇ ಗಂಟಲಲ್ಲಿ ಗರಗರಗರ ಅಂತ ಅರಚಿದವು. "ಹತ್ತೇ ಮೇಲೆ! ಹತ್ತೇ ಮೇಲೆ! ಹತ್ತು!"

ಹೊಸಬಿ ಕತ್ತಿ ಬಿಟ್ಟು ಓಡಿದಳು. ಅವಳು ಮೇಲಿನ ಬಂಡೆ ಮುಟ್ಟುವುದಕ್ಕೂ, ಅವಳು ಬಗ್ಗಿದ್ದ ಜಾಗವನ್ನು ಅಲೆ ಬಡಿದು ಪುಡಿಮಾಡುವುದಕ್ಕೂ ಸರಿಹೋಯಿತು.

"ಯಾರದು? ಯಾರು ಕೂಗಿದ್ದು?" ಅವಳು ಏದುಸಿರಲ್ಲಿ ಕೇಳಿದಳು.

"ನಾವೇ," ಅಂದವು ಗುಂಡುಕಲ್ಲುಗಳು. "ಇಷ್ಟು ವರ್ಷ ಅಜ್ಜಿ ಕೂಗಿದ್ದನ್ನ ಕೇಳಿ ಕೇಳಿ ನಮಗೂ ಬಾಯಿಪಾಠ ಆಗಿದೆ. ಸಾಯುವ ಹಿಂದಿನ ದಿನ ನಮ್ಮನ್ನ ಕರೆದು ಹೇಳಿದ್ಳು. 'ಆ ಹೆಣ್ಣಿಗೆ ಹಿಂದೆ ನೋಡುವ ಬುದ್ಧಿ ಇಲ್ಲ. ನೀವಾದ್ರೂ ಬಯ್ದು ಮೇಲೆ ಕಳ್ಸಿ. ಒಳ್ಳೆ ಮಾತಲ್ಲಿ ಹೇಳಿದ್ರೆ ಅವಳು ಕೇಳೂದಿಲ್ಲ' ಅಂತ."

ಹೊಸಬಿ ಬಂಡೆಯ ಮೇಲೆ ಕೂತಳು. ಅತ್ತಳು, ನಡುವೆ ನಕ್ಕಳು, ಮತ್ತೆ ಅತ್ತಳು.

ನೀವು ಯಾವತ್ತಾದರೂ ಎರಡು ಗುಡ್ಡಗಳ ನಡುವಿನ ಸಣ್ಣ ಕಲ್ಲುದಂಡೆಗೆ ಹೋದರೆ ನೋಡಿ: ನಾಲ್ಕಾರು ದೊಡ್ಡ ಅಲೆಗಳು ಬಡಿದ ಮೇಲೆ ಕಡಲು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತದೆ, ಆಮೇಲೆ ನೀರು ಹಿಂದಕ್ಕೆ ಸರಿದು ಕಾಲಡಿಯ ಗುಂಡುಕಲ್ಲುಗಳು ಗರಗರ ಅನ್ನುತ್ತವೆ, ಅದು ಜಟ್ಟಮ್ಮ ಬೈಯುತ್ತಿರುವುದು, ಅವಳಿಗೆ ಎದುರು ಮಾತಾಡದೆ ಮೇಲೆ ಹತ್ತಿ ಬನ್ನಿ.